ಮಂಕಿನ ಮನೆಯ ಹೆಣ್ಣುಮಕ್ಕಳು

ನನ್ನ ಅವ್ವನ ತವರು ಮಲ್ಲಟ. ಆ ಊರಲ್ಲಿ ಅವಳ ಮನೆಗೆ ಒಂದು ಅಡ್ಡಹೆಸರಿತ್ತು: ಮಂಕಿನ ಮನಿ. ಅವ್ವನ ತಾಯಿ ತನ್ನ ಕೊನೆಯ ಆರೇಳು ವರ್ಷ ಯಾರೊಂದಿಗೂ ಮಾತಾಡದೆ ಕಂಬಕ್ಕೆ ಒರಗಿ ಕೂತೇ ಕಳೆದಳಂತೆ. ಅವ್ವನ ಅಣ್ಣ, ಅಂದರೆ ನನ್ನ ಸೋದರಮಾವ, ಒಂದು ವರ್ಷ ಹೊಲದ ಕಡೆ ತಲೆ ಹಾಕದೆ ಗೋಡೆಗೆ ಮುಖ ಮಾಡಿ ಮಲಗಿದ್ದನಂತೆ. ಊರಿಗೆ ಇಬ್ಬರು ಸಾಕಾಗಿತ್ತು. ಆ ಮನೆಯ ರಕ್ತದಲ್ಲೇ ಮಂಕು ಇದೆ ಎಂದು ತೀರ್ಮಾನವಾಯಿತು. ಆ ತೀರ್ಮಾನದ ಜೊತೆ ನಾನು ನನ್ನ ಅರ್ಧ ಆಯುಷ್ಯ ಜಗಳಾಡಿದ್ದೇನೆ.

ನಾವಿದ್ದದ್ದು ದೇವದುರ್ಗದಲ್ಲಿ. ಬಜಾರಿನಲ್ಲಿ ಅಪ್ಪನ ಸೈಕಲ್ ಅಂಗಡಿ. ಬಾಡಿಗೆಗೆ ಸೈಕಲ್ ಕೊಡುವುದು, ಪಂಕ್ಚರ್ ಹಚ್ಚುವುದು. ಮನೆಯಲ್ಲಿ ಅಪ್ಪನ ತಾಯಿ, ಅವಳನ್ನು ನಾವು ಆಯಿ ಎನ್ನುತ್ತಿದ್ದೆವು, ಆಮೇಲೆ ಅವ್ವ, ನಾನು, ನನಗಿಂತ ಎಂಟು ವರ್ಷ ಚಿಕ್ಕವಳಾದ ತಂಗಿ. ನನಗೆ ಹನ್ನೊಂದು ತುಂಬಿದ ವರ್ಷ ಒಬ್ಬ ತಮ್ಮ ಹುಟ್ಟಿದ. ಒಂಬತ್ತು ತಿಂಗಳು ಇದ್ದ. ಮೂರು ದಿನದ ಜ್ವರದಲ್ಲಿ ಹೋದ.

ಅವ್ವ ನಾಲ್ಕೈದು ದಿನ ಅತ್ತಳು. ಆಯಿ ಅಷ್ಟಕ್ಕೇ ನಿಲ್ಲಿಸಿದಳು. "ಸಾಕು ಮಾಡು. ಇರೋ ಎರಡು ಹುಡುಗ್ಯಾರಿಗೆ ಕೇಡು ಬಗೀಬ್ಯಾಡ" ಎಂದಳು. ಅವ್ವ ಅಳುವುದನ್ನು ಬಿಟ್ಟಳು. ಅದರ ಜೊತೆಗೆ ಒಂದೊಂದಾಗಿ ಉಳಿದದ್ದನ್ನೂ ಬಿಟ್ಟಳು. ಮೊದಲು ಮಾತು. ಆಮೇಲೆ ತಲೆ ಬಾಚುವುದು. ಸಾರಿಗೆ ಉಪ್ಪು ಹಾಕುವುದು ಮರೆಯುತ್ತಿದ್ದಳು, ಉಪ್ಪಿಲ್ಲ ಎಂದರೆ ನಮ್ಮ ಮುಖವನ್ನು ಬೇರೆ ಯಾವುದೋ ಊರಿನವರನ್ನು ನೋಡಿದ ಹಾಗೆ ನೋಡುತ್ತಿದ್ದಳು. ಎರಡು ತಿಂಗಳಾಗುವಷ್ಟರಲ್ಲಿ ಕಾಳು ಇಡುವ ಕೋಣೆಯಲ್ಲಿ ಚೀಲಗಳ ಮಗ್ಗುಲಿಗೆ ಮಲಗಿದವಳು ಏಳದೇ ಹೋದಳು.

"ಮಲ್ಲಟದ ರಕ್ತ ಹೊರಗ ಬಂತು ನೋಡ್ರಿ" ಎಂದು ಆಯಿ ಬಂದವರಿಗೆಲ್ಲ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ದುಃಖಕ್ಕಿಂತ ನಿರಾಳ ಜಾಸ್ತಿ ಇತ್ತು ಎಂದು ನನಗೆ ಆಗಲೂ ಅನಿಸಿತ್ತು.

ವಾಸಿಯಾಗಲೆಂದು ಅವಳನ್ನು ಗೂಗಲ್ ಎಂಬ ಊರಿಗೆ ಕರೆದುಕೊಂಡು ಹೋದರು. ಹೊಳೆದಂಡೆಯ ಗುಡಿಯಲ್ಲಿ ಐದು ದಿನ ಇದ್ದೆವು. ಅಲ್ಲಿ ಕಸ ಗುಡಿಸುತ್ತಿದ್ದ ಒಬ್ಬ ಮುದುಕ ಅವ್ವನನ್ನು ನೋಡಿ, "ಈ ಯವ್ವಗ ಅಳಾಕ ಬಿಟ್ಟೀರೇನ್ರಿ?" ಎಂದು ಆಯಿಯನ್ನು ಕೇಳಿದ. ಆಯಿಗೆ ಸಿಟ್ಟು ಬಂತು. ಮರುದಿನವೇ ಬಸ್ಸು ಹತ್ತಿದೆವು.

ಊರಿಗೆ ಬಂದ ಮೇಲೆ ಆಯಿ ತನ್ನ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟಳು. ಸೊಸೆಯನ್ನು ಮಲ್ಲಟಕ್ಕೆ ಬಿಟ್ಟು ಬರಬೇಕು, ಮಗನಿಗೆ ಇನ್ನೊಂದು ಮದುವೆ ಮಾಡಬೇಕು. ಅಪ್ಪ ಊಟ ಮಾಡುತ್ತಿದ್ದ. ದನಿ ಏರಿಸುವ ಮನುಷ್ಯನಲ್ಲ. ಅವತ್ತೂ ಏರಿಸಲಿಲ್ಲ.

"ಅಕಿನ್ನ ಕಳಸೋದಾದ್ರ ನಾನೂ ಅಕಿ ಜೋಡಿ ಮಲ್ಲಟಕ್ಕ ಹೋಗ್ತೀನಿ. ನಾಳಿಂದ ಪಂಕ್ಚರ್ ನೀ ಹಚ್ಚು, ಯವ್ವಾ."

ಆ ಮಾತು ಅಲ್ಲಿಗೇ ನಿಂತಿತು.

ಅವ್ವನನ್ನು ಎಬ್ಬಿಸಿದ್ದು ಮಾತ್ರ ಪಕ್ಕದ ಮನೆಯ ಖಾಲಾ. ಅವರ ಮನೆಯವರು ಸಂತೆಗಳಲ್ಲಿ ಒಣಮೆಣಸಿನಕಾಯಿ ಮಾರುತ್ತಿದ್ದರು. ಮನೆಯೊಳಗೆ ದಖನಿ ಉರ್ದು, ನಮ್ಮ ಜೊತೆ ಕನ್ನಡ. ಒಂದು ಮಧ್ಯಾಹ್ನ ಖಾಲಾ ಒಂದು ಚೀಲ ಮೆಣಸಿನಕಾಯಿ ಎಳೆದುಕೊಂಡು ಬಂದು ಕಾಳಿನ ಕೋಣೆಯಲ್ಲೇ ಸುರುವಿ ಕೂತಳು. "ಏನೂ ಮಾತಾಡಬ್ಯಾಡವಾ ನೀ. ನನಗ ಕೈ ಸಾಲವಲ್ದು. ತೊಟ್ಟು ಬಿಡಸು" ಎಂದಳು. ಅವ್ವ ಕೈ ಚಾಚಲಿಲ್ಲ. ಖಾಲಾ ತನ್ನ ಪಾಡಿಗೆ ಬಿಡಿಸಿದಳು, ಎದ್ದು ಹೋದಳು. ಮರುದಿನ ಮತ್ತೆ ಬಂದಳು. ಹತ್ತೋ ಹನ್ನೆರಡೋ ದಿನ ಹೀಗೇ ನಡೆಯಿತು. ಯಾವತ್ತೋ ಒಂದು ದಿನ ಅವ್ವನ ಕೈ ತಾನೇ ಒಂದು ಕಾಯಿ ಎತ್ತಿಕೊಂಡಿತು. ಇನ್ನೊಂದು ದಿನ ಘಾಟು ಏರಿ ಅವ್ವ ಸೀನಿದಳು. ಒಂದಲ್ಲ, ಏಳೆಂಟು ಸೀನು. ಖಾಲಾ ನಕ್ಕಳು. ಅವ್ವನೂ ನಕ್ಕಳು, ನಗುತ್ತಾ ನಗುತ್ತಾ ಅಳುವುದಕ್ಕೆ ಶುರು ಮಾಡಿದಳು. ಆಯಿ ಓಡಿ ಬಂದರೆ ಖಾಲಾ ಬಾಗಿಲಲ್ಲೇ ಅಡ್ಡ ನಿಂತಳು. "ಘಾಟು ಹತ್ಯದ್ರೀ, ಮತ್ತೇನಿಲ್ಲ. ಅಳ್ಲಿ ಬಿಡ್ರಿ." ಅವತ್ತು ಅವ್ವ ಹೊತ್ತು ಮುಳುಗುವವರೆಗೆ ಅತ್ತಳು.

ಅವಳು ಪೂರ್ತಿ ಸರಿಹೋಗಲು ಒಂದು ವರ್ಷ ಹಿಡಿಯಿತು. ಆದರೆ ಸರಿಹೋದಳು. ಊರು ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳಲಿಲ್ಲ. ಮಲಗಿದ್ದನ್ನು ಮಾತ್ರ ಇಟ್ಟುಕೊಂಡಿತು.

ನನಗೆ ಇಪ್ಪತ್ತು ತುಂಬುವಷ್ಟರಲ್ಲಿ ಆಯಿ ತೀರಿಕೊಂಡಿದ್ದಳು. ನಾನು ಟೀಚರ್ ಟ್ರೇನಿಂಗ್ ಮುಗಿಸಿ ಮಾನ್ವಿಯ ಪ್ರಾಥಮಿಕ ಶಾಲೆಯಲ್ಲಿ ನೌಕರಿಗೆ ಸೇರಿದ್ದೆ. ಗಂಡಿನವರು ಬರಲು ಶುರುವಾದರು. ಅಪ್ಪ ನನ್ನನ್ನು ಹಿತ್ತಲಿಗೆ ಕರೆದು, "ಯಾರರ ಕೇಳಿದ್ರ ನಿಮ್ಮವ್ವಗ ಆಗ ಕಾಮಣಿ ಆಗಿತ್ತು ಅನ್ನು" ಎಂದ. ಕಾಮಣಿ ಎಂದರೆ ಕಾಮಾಲೆ. ತನ್ನ ತಾಯಿಯ ಎದುರು ನಿಂತು ಹೆಂಡತಿಯನ್ನು ಉಳಿಸಿಕೊಂಡಿದ್ದ ಅದೇ ಅಪ್ಪ. ಮಗಳ ಮದುವೆಯ ಮಾತು ಬಂದಾಗ ಅವನಿಗೂ ಹೆದರಿಕೆ.

"ಕಾಮಣಿ ಆಗಿರಲಿಲ್ಲಲ್ಲಪ್ಪಾ" ಎಂದೆ.

"ಗೊತ್ತದವ್ವಾ. ಅನ್ನು ಅಂದೆ ಅಷ್ಟ."

ನಾನು ಅನ್ನಲಿಲ್ಲ. ರಾಯಚೂರಿನ ಅಕ್ಕಿ ಗಿರಣಿಯವರ ಮನೆಯಿಂದ ಬಂದ ಹಿರಿಯರೊಬ್ಬರು, "ತಾಯಿ ಕಡೆ ಏನೋ ಮಂಕು ಅಂತಾರಲ್ಲ" ಎಂದು ಗಂಟಲು ಸರಿಮಾಡಿಕೊಂಡಾಗ, "ಹೌದ್ರೀ, ನಮ್ಮವ್ವ ಒಂದು ವರ್ಷ ಮಲಗಿದ್ದಳು, ಕೂಸು ಸತ್ತಿತ್ತು, ಈಗ ಆರಾಮ ಅದಾಳ. ಈ ಉಪ್ಪಿಟ್ಟು ಅಕೀನ ಮಾಡ್ಯಾಳ" ಎಂದೆ. ಅವರು ಚಮಚ ತಟ್ಟೆಯಲ್ಲಿಟ್ಟರು. ಆ ಕಡೆಯಿಂದ ಮತ್ತೆ ಸುದ್ದಿ ಬರಲಿಲ್ಲ. ಅಪ್ಪ ನನ್ನೊಡನೆ ಎಂಟು ದಿನ ಮಾತು ಬಿಟ್ಟ. ಎಂಟನೆಯ ದಿನ ಅವನೇ ಚಹಾ ತಂದುಕೊಟ್ಟ.

ಹೀಗೆ ಇನ್ನೂ ಎರಡು ಮನೆಯವರು ಎದ್ದು ಹೋದರು. ಕೊನೆಗೆ ಬಂದವನು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಒಬ್ಬ ಫಿಟ್ಟರ್. ಯಾರೂ ಕೇಳುವ ಮೊದಲೇ ನಾನು ಹೇಳಿದೆ. ಅವನು, "ನಮ್ಮ ಕಡೆ ಬಿ.ಪಿ. ಅದರೀ. ನಮ್ಮ ಮುತ್ಯಾ, ನಮ್ಮಪ್ಪ ಇಬ್ಬರೂ ಅದರಾಗ ಹೋದ್ರು. ನೀವೂ ವಿಚಾರ ಮಾಡ್ರಿ ಮತ್ತ" ಎಂದ. ನನಗೆ ಅಲ್ಲೇ ಅವನು ಹಿಡಿಸಿದ.

ಮದುವೆಯಾಗಿ ರಾಯಚೂರಿಗೆ ಬಂದೆ. ಮನೆಯಲ್ಲಿ ನನ್ನ ಅತ್ತೆ, ನಾವಿಬ್ಬರು. ಅತ್ತೆ ಕೆಟ್ಟವಳಲ್ಲ. ಆದರೆ ಮಗ ಎಲ್ಲವನ್ನೂ ಹೇಳಿಬಿಟ್ಟಿದ್ದ, ಹಾಗಾಗಿ ಅವಳು ನನ್ನನ್ನು ಕಾಯುತ್ತಿದ್ದಳು. ಹಾಲು ಒಲೆಯ ಮೇಲಿಟ್ಟು ಕಾಯುತ್ತಾರಲ್ಲ, ಹಾಗೆ. ನಾನು ಕಿಟಕಿಯ ಹತ್ತಿರ ಸುಮ್ಮನೆ ಕೂತರೆ ಅವಳು ಬಂದು ಮುಖ ನೋಡುತ್ತಿದ್ದಳು.

ಮೂರು ವರ್ಷ ಏನೂ ಆಗಲಿಲ್ಲ. ನಾಲ್ಕನೆಯ ವರ್ಷ ಎಲ್ಲವೂ ಒಟ್ಟಿಗೇ ಬಂತು. ಮಗಳು ಹುಟ್ಟಿದಳು, ಹೆರಿಗೆ ಕಷ್ಟದ್ದಾಯಿತು. ಮಗುವಿಗೆ ಎರಡು ತಿಂಗಳಿರುವಾಗ ಅಪ್ಪ ಅಂಗಡಿಯಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಾ ಹೊಡೆಯುತ್ತಾ ಕುಸಿದು ಸತ್ತ. ರಜೆ ಮುಗಿಸಿ ಕೆಲಸಕ್ಕೆ ಹೋದರೆ ನನ್ನನ್ನು ಮಾನ್ವಿಯಿಂದ ಆಚೆಯ ಒಂದು ಹಳ್ಳಿಗೆ ಹಾಕಿದ್ದರು. ಬೆಳಿಗ್ಗೆ ರಾಯಚೂರಿನಲ್ಲಿ ಬಸ್ಸು ಹತ್ತಿ, ಮಾನ್ವಿಯಲ್ಲಿ ಬದಲಿಸಿ, ಕೊನೆಗೆ ಎರಡು ಮೈಲಿ ನಡೆಯಬೇಕು. ಎದೆಯಲ್ಲಿ ಹಾಲು ಕಟ್ಟಿ ಸೀರೆ ಒದ್ದೆಯಾಗುತ್ತಿತ್ತು. ಬಸ್ಸಿನಲ್ಲಿ ಅಪ್ಪನ ಮುಖ ನೆನೆಸಿಕೊಳ್ಳಲು ನೋಡುತ್ತಿದ್ದೆ, ಬರುತ್ತಿರಲಿಲ್ಲ.

ಒಂದು ದಿನ ಎರಡನೇ ಕ್ಲಾಸಿನಲ್ಲಿ ಹಲಗೆಯ ಮೇಲೆ 'ನೀರು' ಎಂದು ಬರೆಯಬೇಕಿತ್ತು. 'ನೀ' ಬರೆದೆ. ಮುಂದಿನ ಅಕ್ಷರ ಕೈಗೆ ಬರಲಿಲ್ಲ. ಬಳಪ ಹಿಡಿದು ನಿಂತೇ ಇದ್ದೆ. ನಾನು ಪ್ರಶ್ನೆ ಕೇಳುತ್ತಿದ್ದೇನೆ ಎಂದುಕೊಂಡು ಮಕ್ಕಳೆಲ್ಲ "ರು! ರು!" ಎಂದು ಕೂಗಿದರು. ಅವರ ದನಿ ಎಲ್ಲೋ ಬಾವಿಯ ತಳದಿಂದ ಬಂದ ಹಾಗಿತ್ತು. ಅಥವಾ ಬಾವಿಯಲ್ಲಿದ್ದವಳು ನಾನು.

ಮರುದಿನ ಏಳಲಾಗಲಿಲ್ಲ. ಇದನ್ನು ಅನುಭವಿಸದವರಿಗೆ ಹೇಳುವುದು ಕಷ್ಟ. ದುಃಖವಾದರೆ ಅತ್ತು ಹಗುರಾಗಬಹುದು, ಇದು ದುಃಖವಲ್ಲ. ಕೈ ಇದೆ, ಎತ್ತುವುದು ಹೇಗೆ ಎಂಬುದು ಮರೆತಿದೆ. ಪಕ್ಕದಲ್ಲಿ ಮಗು ಅಳುತ್ತಿದೆ, ಕೇಳಿಸುತ್ತಿದೆ, ಅದು ಯಾರದೋ ಮಗು. ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು ಎಂಬ ಒಂದು ವಿಚಾರ ಮಾತ್ರ ತಲೆಯಲ್ಲಿ ಬಹಳ ಸ್ಪಷ್ಟವಾಗಿತ್ತು.

"ಬಂತು ನೋಡು" ಎಂದು ಅತ್ತೆ ಮಗನಿಗೆ ಹೇಳಿದ್ದು ನನಗೆ ಕೇಳಿಸಿತು. "ರಕ್ತ ಎಲ್ಲಿಗಿ ಹೋಗ್ತದ?" ಅವಳು ಮಗುವನ್ನು ಎತ್ತಿಕೊಂಡು ಹೋದಳು. ನನ್ನ ಹಾಲು ಕುಡಿದರೆ ಮಗುವಿಗೂ ಅದೇ ಬರುತ್ತದೆ ಎಂದು ಆಕಳ ಹಾಲು ಶುರು ಮಾಡಿದಳು. ನನ್ನ ಗಂಡ ಎರಡು ದಿನ ಕೋಣೆಯೊಳಗೆ ಬರುತ್ತಿದ್ದ, ಹೋಗುತ್ತಿದ್ದ. ಮೂರನೆಯ ದಿನ ದೇವದುರ್ಗದ ಬಸ್ಸು ಹತ್ತಿ ಅವ್ವನನ್ನು ಕರೆತಂದ.

ಅವ್ವ ಒಂದು ಟ್ರಂಕು ಹಿಡಿದು ಬಂದಳು. ಗಂಡ ಸತ್ತು ಆರು ತಿಂಗಳೂ ಆಗಿರಲಿಲ್ಲ ಅವಳಿಗೆ. ಬಂದವಳೇ ಬೀಗತಿಯ ಕೈಯಿಂದ ಕೂಸನ್ನು ತೆಗೆದುಕೊಂಡು ನೇರ ನನ್ನ ಮಗ್ಗುಲಿಗೆ ತಂದು ಮಲಗಿಸಿದಳು. ಅತ್ತೆ ಹಿಂದೆಯೇ ಬಂದಳು.

"ಅಕ್ಕಾರ, ಆ ಹಾಲು ಬ್ಯಾಡ. ಕೂಸಿಗೂ ಬರ್ತದ."

"ನನ್ನ ಎರಡೂ ಹೆಣ್ಣುಮಕ್ಕಳು ನನ್ನ ಹಾಲು ಕುಡದಾರ್ರೀ" ಎಂದಳು ಅವ್ವ. "ಇಕಿನೂ ಕುಡದಾಳ, ಇಕಿ ತಂಗಿನೂ ಕುಡದಾಳ. ತಂಗಿ ಮನ್ಯಾಗ ಕುಣಕೋತ ಅದಾಳ. ಹಾಲಿನ್ಯಾಗ ಇದ್ದಿದ್ರ ಇಬ್ಬರಿಗೂ ಬರಬೇಕಿತ್ತಲ್ಲ?"

ಅವ್ವ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಕಿವಿಯಲ್ಲಿ ಹೇಳಿದಳು: "ನನಗ ಗೊತ್ತದ ನೀ ಎಲ್ಲಿದ್ದಿ ಅಂತ. ನಾನು ಅಲ್ಲಿ ಹೋಗಿ ಬಂದೀನಿ. ಬರೋ ದಾರಿ ಅದ." ಅಷ್ಟೂ ದಿನ ಯಾರ ಮಾತೂ ಒಳಗೆ ಇಳಿದಿರಲಿಲ್ಲ. ಇದು ಇಳಿಯಿತು.

ಆದರೆ ಅವ್ವ ಖಾಲಾಳ ಮೆಣಸಿನಕಾಯಿಯಂಥ ಉಪಾಯವನ್ನಷ್ಟೇ ನಂಬಿ ಕೂರಲಿಲ್ಲ. "ನನ್ನ ಕಾಲಕ್ಕ ಡಾಕ್ಟರ್ ಇರಲಿಲ್ಲ, ಈಗ ಅದಾರ" ಎಂದು ವಿಚಾರಿಸಿ, ವಾರಕ್ಕೊಮ್ಮೆ ರಾಯಚೂರಿಗೆ ಬರುತ್ತಿದ್ದ ಒಬ್ಬ ಮನೋವೈದ್ಯೆಯ ಬಳಿ ಕರೆದುಕೊಂಡು ಹೋದಳು. ಧಾರವಾಡದ ಕಡೆಯವರು, ಮೆಲ್ಲಗೆ ಮಾತಾಡುತ್ತಿದ್ದರು. ನನಗೆ ಮಾತು ಬರದೇ ಇದ್ದುದರಿಂದ ಅವರು ಅವ್ವನನ್ನೇ ಕೇಳುತ್ತಾ ಒಂದು ಹಾಳೆಯ ಮೇಲೆ ಗುರುತು ಹಾಕುತ್ತಾ ಹೋದರು. ಹೆಂಗಸಿಗೆ ದುಂಡು, ಗಂಡಸಿಗೆ ಚೌಕ. ಮಲಗಿದವರಿಗೆಲ್ಲ ಒಳಗೆ ಕಪ್ಪು ತುಂಬಿದರು. ಅಜ್ಜಿ, ಮಾವ, ಅವ್ವ, ನಾನು.

"ನೋಡ್ರಿ, ಮಂದಿ ಅಂದದ್ದು ಖರೇನ ಅದ" ಎಂದಳು ಅವ್ವ, ಸೋತ ದನಿಯಲ್ಲಿ.

"ತಡೀರಿ" ಎಂದರು ಡಾಕ್ಟರು. "ನಿಮ್ಮ ತಾಯಿ ಮಾತು ಬಿಟ್ಟಿದ್ದು ಯಾವಾಗ?"

"ಕಾಲರಾ ಬಂದಾಗ್ರೀ. ಒಂದ ವಾರದಾಗ ನನ್ನ ಇಬ್ಬರು ಅಕ್ಕಂದಿರು ಹೋದ್ರು."

"ಅದಕ್ಕಿಂತ ಮೊದಲ ಹ್ಯಾಂಗಿದ್ರು?"

"ಮೊದಲಾ? ಹಾಡ್ತಿದ್ದಳ್ರೀ. ಬೀಸಾಕ ಕುಂತ್ರ ಓಣಿಗೆಲ್ಲ ಕೇಳ್ತಿತ್ತು."

ನನ್ನ ಅಜ್ಜಿ ಹಾಡುತ್ತಿದ್ದಳು ಎಂದು ಅವತ್ತಿನವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಡಾಕ್ಟರು ಹೀಗೇ ಕೇಳುತ್ತಾ ಹೋದರು. ಮಾವ ಮಲಗಿದ್ದು ಅವನ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ಸತ್ತ ವರ್ಷ. ಅವ್ವ, ತಮ್ಮ ಹೋದ ವರ್ಷ. ನಾನು, ಈ ವರ್ಷ. ಪ್ರತಿಯೊಂದು ಕಪ್ಪು ಗುರುತಿನ ಪಕ್ಕದಲ್ಲಿ ಅವರು ಒಂದೊಂದು ಸಾಲು ಬರೆದರು. ಆಮೇಲೆ ಕಪ್ಪು ತುಂಬದ ಒಂದು ದುಂಡಿನ ಮೇಲೆ ಪೆನ್ನು ಇಟ್ಟರು. ಅದು ಅವ್ವನ ತಂಗಿ, ಮಾನ್ವಿಯಲ್ಲಿದ್ದ ನನ್ನ ಚಿಕ್ಕವ್ವ.

"ಇವರಿಗೆ ಏನೂ ಆಗಿಲ್ಲ?"

"ಇಲ್ರೀ. ಅಂಥಾದ್ದು ಏನೂ ಬಂದಿಲ್ಲ ಅಕಿಗ. ಆರಾಮ ಅದಾಳ."

"ಅವರೂ ಅದ ತಾಯಿ ಮಗಳು. ಇನ್ನ, ಕೂಸು ಹೋಗಿದ್ದು ನಿಮಗಷ್ಟ ಅಲ್ಲಲ್ಲ, ನಿಮ್ಮ ಯಜಮಾನರಿಗೂ ಹೋಗಿತ್ತು. ಅವರು ಯಾಕ ಮಲಗಲಿಲ್ಲ?"

ಅವ್ವ ನನ್ನ ಕಡೆ ನೋಡಿದಳು. ನಾನು ಹಾಳೆ ನೋಡುತ್ತಿದ್ದೆ. ಎಷ್ಟೋ ದಿನಗಳ ನಂತರ ನನ್ನ ತಲೆ ಏನನ್ನೋ ಹಿಡಿಯಲು ನೋಡುತ್ತಿತ್ತು.

"ಹುಟ್ಟಿನಿಂದ ಒಂದು ಪಾಲು ಬರ್ತದ, ಸುಳ್ಳಲ್ಲ" ಎಂದರು ಡಾಕ್ಟರು. "ಒಂದ ತಾಯಿ ಮಕ್ಕಳಿಗೂ ಅದು ಒಂದ ಸಮ ಬರಂಗಿಲ್ಲ. ಬಂದವರೆಲ್ಲ ಮಲಗಂಗಿಲ್ಲ. ಕಷ್ಟ ಬಂದವರೂ ಎಲ್ಲರೂ ಮಲಗಂಗಿಲ್ಲ. ಬಹಳ ಸಲ ಇವೆರಡೂ ಕೂಡಿದಾಗ ಮನುಷ್ಯಾ ಬೀಳ್ತಾನ. ನಿಮ್ಮ ಮನ್ಯಾಗ ಹಿಂಗ ಆಗ್ಯದ. ಮನ್ಯಾಗ ಯಾರಿಗೂ ಇರಲಾರದವರೂ ನನ್ನ ಹತ್ರ ಬರ್ತಾರ. ರಕ್ತ ಬದಲಿ ಮಾಡಾಕ ನನಗ ಆಗಂಗಿಲ್ಲ. ಬಿದ್ದವರನ್ನ ಎಬ್ಬಸಾಕ ಔಷಧ ಅದ. ಉಳಿದಿದ್ದು ಸುತ್ತಲಿನವರ ಕೈಯಾಗ ಅದ."

ಔಷಧಿ ಕೆಲಸ ಮಾಡಲು ಮೂರು ವಾರ ತೆಗೆದುಕೊಂಡಿತು. ಆ ಮೂರು ವಾರ ಅವ್ವ ನನ್ನನ್ನು ಒಂಟಿಯಾಗಿ ಬಿಡಲಿಲ್ಲ. ತಲೆ ತಿಳಿಯಾಗುತ್ತಾ ಬಂದ ಹಾಗೆ ನನಗೆ ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ಆ ಸಿಟ್ಟು ಇವತ್ತಿಗೂ ಪೂರ್ತಿ ಹೋಗಿಲ್ಲ. ರಕ್ತ ಎಂದುಬಿಟ್ಟರೆ ಎಷ್ಟು ಜನ ಪಾರಾಗುತ್ತಾರೆ! ಕೂಸು ಸತ್ತ ತಾಯಿಗೆ ಅಳಬೇಡ ಎಂದವಳು ಪಾರು. ಮೊಲೆಯುಣಿಸುವ ಹೆಂಗಸನ್ನು ಮೂರು ತಾಸು ಬಸ್ಸಿನಲ್ಲಿ ಓಡಾಡಿಸಿದವರು ಪಾರು. ಎರಡು ಹೆಣ ಹೊತ್ತ ಮನೆಯಲ್ಲಿ ಉಳಿದ ತಾಯಿಯ ಹತ್ತಿರ ಒಂದು ದಿನವೂ ಕೂರದೆ ಅಡ್ಡಹೆಸರು ಇಟ್ಟ ಊರು ಪಾರು. ನಾವು ಮಾತ್ರ ತಲೆತಲಾಂತರಕ್ಕೂ ಅಪರಾಧಿಗಳು. ಹಾಗೆಂದು ನಮ್ಮ ಮನೆಯಲ್ಲಿ ಏನೂ ಇಲ್ಲ ಎಂದು ಕಾಮಣಿಯ ಕಥೆ ಕಟ್ಟಲಿಕ್ಕೂ ನಾನು ತಯಾರಿರಲಿಲ್ಲ. ಇದೆ. ನನ್ನಲ್ಲೂ ಇದೆ. ಅದಕ್ಕೇ ನನ್ನಂಥವರನ್ನು ಇನ್ನಷ್ಟು ಜೋಪಾನ ಮಾಡಬೇಕೇ ಹೊರತು ಮೂಲೆಗೆ ಹಾಕುವುದಲ್ಲ.

ಇದನ್ನೆಲ್ಲ ಅತ್ತೆಗೂ ಹೇಳಿದೆ, ಆ ಹಾಳೆ ಮುಂದಿಟ್ಟು. ಅವಳು ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ. "ನನಗ ಇಷ್ಟೆಲ್ಲ ತಿಳಿಯಂಗಿಲ್ಲವಾ" ಎಂದಳು. ಆದರೆ ಆಕಳ ಹಾಲಿನ ಬಾಟಲಿ ಎತ್ತಿಟ್ಟಳು. ನಾನು ಕಿಟಕಿಯ ಹತ್ತಿರ ಕೂತಾಗ ಬಂದು ಮುಖ ನೋಡುವ ಬದಲು ಪಕ್ಕದಲ್ಲಿ ಕೂತು ಸೊಪ್ಪು ಸೋಸತೊಡಗಿದಳು.

ಶಾಲೆಗೆ ಹೋದಾಗ ಹೆಡ್ ಮಾಸ್ತರರು ರಜೆಗೆಂದು ಡಾಕ್ಟರು ಬರೆದುಕೊಟ್ಟ ಸರ್ಟಿಫಿಕೇಟ್ ನೋಡಿ ಬಾಗಿಲು ಮುಂದೆ ಮಾಡಿದರು. "ಟೀಚರ, ಇದನ್ನ ಹೊಟ್ಟಿ ಬ್ಯಾನಿ ಅಂತ ಬರಸ್ಕೊಂಡು ಬರ್ರಿ. ಇದು ರೆಕಾರ್ಡಿನ್ಯಾಗ ಕಡೀತನಕ ಉಳೀತದ."

"ಉಳೀಲಿ ಸರ್."

"ನಾಳೆ ಯಾರರ ಓದ್ತಾರ್ರೀ."

"ಓದ್ಲಿ ಅಂತನ ಬರಸೀನಿ."

ಅವರು ಅದನ್ನೇ ಕಳಿಸಿದರು. ಆದರೆ ಏಳನೇ ಕ್ಲಾಸನ್ನು ನನ್ನಿಂದ ತೆಗೆದರು, ದೊಡ್ಡ ಮಕ್ಕಳು, ಪರೀಕ್ಷೆ, ನಿಮಗೆ ತ್ರಾಸು ಎಂದು. ನಾನು ದಿನಾ ಅವರ ಟೇಬಲ್ಲಿನ ಮುಂದೆ ಹೋಗಿ ಒಂದೇ ಪ್ರಶ್ನೆ ಕೇಳಿದೆ: "ನನ್ನ ಪಾಠದಾಗ ಏನರ ತಪ್ಪು ಕಂಡೀರೇನ್ರಿ?" ಒಂದೂವರೆ ತಿಂಗಳಾದ ಮೇಲೆ ಏಳನೇ ಕ್ಲಾಸು ವಾಪಸು ಬಂತು. ರಾಯಚೂರಿನ ಹತ್ತಿರಕ್ಕೆ ವರ್ಗಾವಣೆ ಮಾತ್ರ ಸಿಗಲು ಮತ್ತೊಂದು ವರ್ಷ ಬೇಕಾಯಿತು. ಆ ವರ್ಷವೆಲ್ಲ ಗುಳಿಗೆ ನುಂಗುತ್ತಾ ಅದೇ ಬಸ್ಸಿನಲ್ಲಿ ಓಡಾಡಿದೆ. ಎರಡು ಸಲ ಮತ್ತೆ ಜಾರಿದ ಹಾಗಾಯಿತು. ಈ ಸಲ ದಾರಿ ಗೊತ್ತಿತ್ತು, ಬೇಗ ಡಾಕ್ಟರ ಹತ್ತಿರ ಹೋದೆ.

ತಂಗಿಗೆ ಇಪ್ಪತ್ತಾದಾಗ ದೇವದುರ್ಗದ ಮನೆಗೆ ಗಂಡಿನವರು ಬಂದರು. ನಾನೂ ಹೋಗಿದ್ದೆ. ಹುಡುಗ, ಅವನ ತಾಯಿ, ಇಬ್ಬರು ಕಾಕಂದಿರು. ಎಲ್ಲರಿಗೂ ತಂಗಿ ಒಪ್ಪಿಗೆಯಾದಳು. ಆಮೇಲೆ ದೊಡ್ಡ ಕಾಕಾ ಗಂಟಲು ಸರಿಮಾಡಿಕೊಂಡರು. ಆ ಗಂಟಲಿನ ಸದ್ದು ನನಗೆ ಚೆನ್ನಾಗಿ ಪರಿಚಯ. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅವ್ವ ಹೊರಗೆ ಬಂದಳು. ಹತ್ತು ಜನರ ಮುಂದೆ ಎಂದೂ ಮಾತಾಡಿದವಳಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನಿಂತಳು.

"ನೀವು ಕೇಳೋದು ನನ್ನ ಸುದ್ದಿ ಅಲ್ಲೇನ್ರಿ? ನನ್ನ ಕೇಳ್ರಿ. ನಾನು ಒಂದು ವರ್ಷ ಮಲಗಿದ್ದೆ. ನನ್ನ ದೊಡ್ಡ ಮಗಳು ಎರಡು ತಿಂಗಳು ಮಲಗಿದ್ದಳು. ಇಬ್ಬರೂ ಎದ್ದೀವಿ. ಈ ಹುಡುಗಿಗೂ ಬರಬಹುದು, ಬರಲಾರದೂ ಇರಬಹುದು. ಬಂದ್ರ ಏನ್ ಮಾಡಬೇಕು ಅಂತ ನಮಗ ಗೊತ್ತದ. ನಿಮಗ ಗೊತ್ತದೇನು ಹೇಳ್ರಿ, ಗೊತ್ತಿರಲಾರದ ಮನಿಗೆ ನಾ ಮಗಳನ್ನ ಕೊಡಂಗಿಲ್ಲ."

ಕಾಕಾ ಚಪ್ಪಲಿ ಹಾಕಿಕೊಂಡು ಹೊರಟರು. ತಂಗಿ ಅಡುಗೆಮನೆಯಲ್ಲಿ ಕೂತು ಅತ್ತಳು, ಹುಡುಗ ಅವಳಿಗೆ ಹಿಡಿಸಿದ್ದ. ಅವ್ವ ಅವಳಿಗೆ ಅಳಬೇಡ ಎನ್ನಲಿಲ್ಲ, ಪಕ್ಕದಲ್ಲಿ ಕೂತಳು.

ಮುಂದಿನ ಸಂತೆಯ ದಿನ ಆ ಹುಡುಗನ ತಾಯಿ ಒಬ್ಬಳೇ ನಮ್ಮ ಮನೆಗೆ ಬಂದಳು. ನೀರು ಕುಡಿದು ಲೋಟ ಕೆಳಗಿಟ್ಟಳು. ಸಂಬಂಧದ ಮಾತೆತ್ತಲು ಬಂದಿದ್ದಾಳೆ ಎಂದು ತಂಗಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಆಕೆ ಕೇಳಿದ್ದು ಬೇರೆ.

"ನನ್ನ ತಂಗಿ ಒಬ್ಬಾಕಿ ಮನ್ಯಾಗ ಹಿಂಗ ಕುಂತಾಳ್ರೀ. ಎರಡು ವರ್ಷ ಆತು. ನಾವು ಯಾರಿಗೂ ಹೇಳಿಲ್ಲ. ಆ ಡಾಕ್ಟರ್ ಎಲ್ಲಿ ಇರ್ತಾರ?"

ಆ ಸಂಬಂಧ ಕೂಡಲಿಲ್ಲ, ಕಾಕಂದಿರು ಒಪ್ಪಲಿಲ್ಲ. ತಂಗಿಯ ಮದುವೆ ಮರುವರ್ಷ ಬೇರೆ ಮನೆಯಲ್ಲಿ ಆಯಿತು, ಎಲ್ಲ ಹೇಳಿಯೇ ಆಯಿತು. ಆದರೆ ಅವ್ವ ಆ ಹೆಂಗಸನ್ನೂ ಅವಳ ತಂಗಿಯನ್ನೂ ತಾನೇ ಬಸ್ಸಿನಲ್ಲಿ ರಾಯಚೂರಿಗೆ ಕರೆತಂದಳು. ಒಂದು ಸಲವಲ್ಲ, ಆರೇಳು ಸಲ. ನಮ್ಮನ್ನು ಬೇಡವೆಂದವರ ಮನೆಯವರಿಗೆ ಇಷ್ಟೆಲ್ಲ ಯಾಕೆ ಎಂದು ತಂಗಿ ಸಿಟ್ಟಿನಿಂದ ಕೇಳಿದಳು. ಅವ್ವ ಬುತ್ತಿ ಕಟ್ಟುತ್ತಿದ್ದಳು.

"ಲಗ್ನ ಬ್ಯಾರೆ, ಇದು ಬ್ಯಾರೆ. ಆ ಹೆಣ್ಮಗಳು ಕಾಳಿನ ಕ್ವಾಣ್ಯಾಗ ಕುಂತಾಳಂತ. ಇನ್ನೆರಡು ರೊಟ್ಟಿ ಕೊಡು ಇಲ್ಲಿ, ಬಸ್ಸಿಗೆ ಹೊತ್ತಾತು."